ಬ್ರಹ್ಮಚರ್ಯದ ಎರಡು ಅಳತೆಗಳು: ಜೈನ ವ್ರತವಿಚಾರ ಮತ್ತು ‘ಯಶೋಧರ ಚರಿತೆ’

ಧರ್ಮಗಳು ಮಾನವನ ಕಾಮವ್ಯವಹಾರಕ್ಕೆ ಕಟ್ಟಳೆ ವಿಧಿಸುವುದೇಕೆ ಎಂಬ ಪ್ರಶ್ನೆಗೆ ಆಧುನಿಕ ಚಿಂತನೆಯು ಬಹುಮಟ್ಟಿಗೆ ಆಸ್ತಿ ಮತ್ತು ವಂಶಗಳ ನೆಲೆಯಿಂದ ಉತ್ತರಿಸಿದೆ. ಪಿತೃತ್ವವು ನಿಸ್ಸಂದಿಗ್ಧವಾಗಿರಬೇಕೆಂಬ ಅಗತ್ಯವೇ ಏಕವಿವಾಹ ಪದ್ಧತಿಯ ಮೂಲವೆಂದು ಏಂಗೆಲ್ಸ್ 1884ರಷ್ಟು ಹಿಂದೆಯೇ ವಾದಿಸಿದನು. ವೈದಿಕ ಧರ್ಮಶಾಸ್ತ್ರಗಳ ಮಟ್ಟಿಗೆ ಈ ವಾದ ಸಲ್ಲುತ್ತದೆ. ಅಲ್ಲಿ ಸಂತಾನವು ಪಿತೃಋಣವನ್ನು ತೀರಿಸುವ ಸಾಧನ. ಋತುಕಾಲದಲ್ಲಿ ಪತ್ನಿಯನ್ನು ಕೂಡುವುದು ಗೃಹಸ್ಥನ ಕರ್ತವ್ಯ. ವರ್ಣಸಂಕರವು ನಿರಂತರವಾದ ಭಯ. ಆದರೆ ಆಸ್ತಿಯನ್ನೂ ಸಂತಾನವನ್ನೂ ತೊರೆದ ಜೈನ ಮುನಿಗೆ ಕಾಮವನ್ನು ನಿಷೇಧಿಸಿರುವುದನ್ನು ಈ ವಾದ ವಿವರಿಸಲಾರದು.

ಜೈನಶಾಸ್ತ್ರ ಕೊಡುವ ಕಾರಣವೇ ಬೇರೆ. ಸಂಭೋಗದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನಾಶವಾಗುತ್ತವೆ ಎಂಬುದು ಅಮೃತಚಂದ್ರನ ‘ಪುರುಷಾರ್ಥಸಿದ್ಧ್ಯುಪಾಯ’ದ ನಿಲುವು, ಹೀಗೆ ಕಾಮವು ಹಿಂಸೆಯ ಒಂದು ಬಗೆಯಾಗುತ್ತದೆ. ಇದಕ್ಕಿಂತ ಮುಖ್ಯವಾದುದು ರಾಗದಿಂದ ಕರ್ಮವು ಜೀವಕ್ಕೆ ಅಂಟುತ್ತದೆ ಎಂಬ ತತ್ತ್ವ. ಆದ್ದರಿಂದಲೇ ‘ತತ್ತ್ವಾರ್ಥಸೂತ್ರ’ವು ಬ್ರಹ್ಮಚರ್ಯದ ರಕ್ಷಣೆಗೆ ಹೇಳುವ ಭಾವನೆಗಳಲ್ಲಿ ದೇಹಕ್ಕಿಂತ ಮೊದಲು ಕಿವಿ, ಕಣ್ಣು, ನೆನಪುಗಳಿಗೆ ಕಾವಲಿದೆ. ಸ್ತ್ರೀಯರ ಬಗ್ಗೆ ರಾಗ ಹುಟ್ಟಿಸುವ ಕಥೆಗಳನ್ನು ಕೇಳಬಾರದು, ಹಿಂದೆ ಅನುಭವಿಸಿದ ಸುಖವನ್ನು ಸ್ಮರಿಸಬಾರದು. (ಇಂಥ ಧರ್ಮದ ಆಶ್ರಯದಲ್ಲಿಯೇ ಕನ್ನಡದ ಶೃಂಗಾರಕಾವ್ಯದ ಶ್ರೇಷ್ಠ ಭಾಗವು ಬೆಳೆಯಿತೆಂಬುದು ಪ್ರತ್ಯೇಕ ವಿಚಾರಣೆಗೆ ಅರ್ಹವಾದ ಸಂಗತಿ.)

ಗೃಹಸ್ಥನ ಅಣುವ್ರತಕ್ಕೆ ಬಂದಾಗ ಅಳತೆ ಬದಲಾಗುತ್ತದೆ. ಅಲ್ಲಿ ಬ್ರಹ್ಮಚರ್ಯವೆಂದರೆ ಸ್ವದಾರಸಂತೋಷ, ಅಂದರೆ ತನ್ನ ಹೆಂಡತಿಯಲ್ಲಿಯೇ ತೃಪ್ತನಾಗಿರುವುದು. ಸ್ವಪತ್ನಿಯ ವಿಷಯದಲ್ಲಿಯೂ ಕಾಮದ ತೀವ್ರಾಭಿನಿವೇಶವನ್ನು ಅತಿಚಾರವೆಂದು ಎಣಿಸಿರುವುದರಲ್ಲಿ ಮುನಿಧರ್ಮದ ಛಾಯೆ ಉಳಿದಿದೆಯೆನ್ನಬಹುದು. ಆದರೆ ‘ದಾರ’ ಎಷ್ಟು ಎಂಬ ಪ್ರಶ್ನೆಯನ್ನು ವ್ರತವು ಎತ್ತುವುದಿಲ್ಲ. ಬಹುಪತ್ನೀಕನಾದ ಅರಸನೂ ಸ್ವದಾರಸಂತೋಷಿಯಾಗಬಲ್ಲನು. ಸ್ತ್ರೀಗೆ ಇಂಥ ಅವಕಾಶವಿಲ್ಲ. ಮುನಿಯ ವ್ರತಕ್ಕೆ ಕರ್ಮಸಿದ್ಧಾಂತ ಆಧಾರವಾದರೆ, ಗೃಹಸ್ಥನ ವ್ರತವು ತಾನು ಕಂಡ ಸಮಾಜದ ಆಕಾರವನ್ನೇ ತಳೆದಿದೆ. ಏಂಗೆಲ್ಸ್‌ನ ವಾದವು ಹಿತ್ತಿಲ ಬಾಗಿಲಿನಿಂದ ಒಳಬರುವುದು ಇಲ್ಲಿಯೇ.

ಈ ಎರಡು ಅಳತೆಗಳೂ ಒಂದೇ ಕಥೆಯಲ್ಲಿ ಎದುರಾಗುವುದು ಜನ್ನನ ‘ಯಶೋಧರ ಚರಿತೆ’ಯಲ್ಲಿ (1209). ವಾದಿರಾಜನ ಸಂಸ್ಕೃತ ಕಾವ್ಯವನ್ನು ಆಧರಿಸಿದ ಈ ಕೃತಿಯ ಘೋಷಿತ ವಸ್ತು ಕಾಮವಲ್ಲ, ಸಂಕಲ್ಪಹಿಂಸೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಪ್ಪಿಗಾಗಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಹಲವು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕೊಂದದ್ದು ಹಿಟ್ಟನ್ನಾದರೂ ಕೊಲ್ಲುವ ಭಾವ ನಿಜವಾದುದು. ಭಾವವೇ ಬಂಧಿಸುತ್ತದೆಂಬ ಈ ನಿಯಮವೂ ಮುನಿಯ ಕಿವಿಗೆ ಕಾವಲಿಟ್ಟ ನಿಯಮವೂ ತತ್ತ್ವತಃ ಒಂದೇ. ಅಮೃತಮತಿಯ ಪತನವೂ ಕಿವಿಯಿಂದಲೇ ಆರಂಭವಾಗುತ್ತದೆ ಎಂಬುದನ್ನು ಗಮನಿಸಬೇಕು. ಅವಳು ಮಾವುತ ಅಷ್ಟಾವಂಕನನ್ನು ನೋಡುವ ಮೊದಲೇ ಅವನ ಹಾಡಿಗೆ ಸೋತಿದ್ದಾಳೆ. ಅವನನ್ನು ಕಂಡುಬಂದ ದೂತಿ ಅವನ ಕುರೂಪಕ್ಕೆ ಹೇಸಿಕೊಂಡರೂ ರಾಣಿಯ ಮನಸ್ಸು ಕದಲುವುದಿಲ್ಲ. ಆಸ್ತಿ, ಅಧಿಕಾರ, ರೂಪಗಳಾವುವೂ ತಡೆಯಲಾರದ ರಾಗವೆಂದರೆ ಏನೆಂಬುದನ್ನು ತೋರಿಸಲು ಇದಕ್ಕಿಂತ ಸಮರ್ಥವಾದ ಸನ್ನಿವೇಶವನ್ನು ಯಾವ ಶಾಸ್ತ್ರಗ್ರಂಥವೂ ಕೊಡಲಾರದು.

ಇಷ್ಟರವರೆಗೆ ಕಾವ್ಯವು ಮುನಿಯ ಅಳತೆಯಲ್ಲಿಯೇ ನಡೆಯುತ್ತದೆ. ಫಲವಿಧಾನದಲ್ಲಿ ಮಾತ್ರ ಎರಡನೆಯ ಅಳತೆ ತಲೆಯೆತ್ತುತ್ತದೆ. ಅಮೃತಮತಿಯು ಗಂಡನಿಗೂ ಅತ್ತೆಗೂ ವಿಷವಿಕ್ಕಿ ಕೊಂದವಳು. ಆ ಕೊಲೆಗೆ ನರಕ ಪ್ರಾಪ್ತವಾದುದು ಸಿದ್ಧಾಂತಕ್ಕೆ ವಿರುದ್ಧವಲ್ಲ. ಆದರೂ ಓದುಗರ ಪರಂಪರೆಯು ಅವಳನ್ನು ನೆನಪಿಟ್ಟುಕೊಂಡದ್ದು ಕೊಲೆಗಾರ್ತಿಯೆಂದಲ್ಲ, ಜಾರೆಯೆಂದು. ಕಾವ್ಯದ ನಿರೂಪಣೆಯೂ ಇದಕ್ಕೆ ಸಾಕಷ್ಟು ಕಾರಣವಾಗಿದೆ. ಕೊಲೆಯು ಅವಸರದಲ್ಲಿ ಮುಗಿದುಹೋಗುತ್ತದೆ. ಮಾವುತನ ಬಳಿಗೆ ಅವಳು ಹೋಗುವುದು, ತಡವಾದುದಕ್ಕೆ ಅವನಿಂದ ಏಟು ತಿನ್ನುವುದು, ಮರೆಯಲ್ಲಿ ನಿಂತ ಅರಸನು ಅದನ್ನು ನೋಡುವುದು ವಿಸ್ತಾರವಾಗಿ, ಮರೆಯಲಾಗದಂತೆ ಚಿತ್ರಿತವಾಗಿವೆ.

ಸ್ತ್ರೀಜನ್ಮದಲ್ಲಿ ಮುಕ್ತಿಯಿಲ್ಲವೆಂಬುದು ದಿಗಂಬರರ ಮತ. ಅದನ್ನು ಕರ್ನಾಟಕದಲ್ಲಿಯೇ ನೆಲೆಸಿದ್ದ ಯಾಪನೀಯರು ಒಪ್ಪಿರಲಿಲ್ಲ. ಅಮೋಘವರ್ಷನ ಕಾಲದ ಶಾಕಟಾಯನನು ಸ್ತ್ರೀಮುಕ್ತಿಯನ್ನು ಸಮರ್ಥಿಸಿ ಪ್ರಕರಣವನ್ನೇ ರಚಿಸಿದ್ದಾನೆ. ಜನ್ನನ ಕಾಲಕ್ಕೆ ಆ ವಾದದ ಪ್ರಭಾವ ಕ್ಷೀಣಿಸಿತ್ತು. ‘ಯಶೋಧರ ಚರಿತೆ’ಯಲ್ಲಿ ಬಲಿಗೆ ಮಗನನ್ನು ಪ್ರೇರಿಸಿದ ಚಂದ್ರಮತಿಯು ಕೊನೆಗೆ ಅಭಯಮತಿಯಾಗಿ ಹುಟ್ಟಿ, ಮಾರಿದತ್ತನ ಕತ್ತಿಯ ಮುಂದೆ ಅಣ್ಣನೊಡನೆ ನಿರ್ಭಯವಾಗಿ ನಿಲ್ಲುತ್ತಾಳೆ. ಅಮೃತಮತಿಗೆ ಅಂಥ ಮರುಜನ್ಮವನ್ನು ಕಾವ್ಯವು ಕೊಟ್ಟಿಲ್ಲ.