ಮಕ್ಕಳಲ್ಲಿ ಮೂಳೆಯ ಸೋಂಕು: ಶೀಘ್ರ ಪತ್ತೆ ಮತ್ತು ಚಿಕಿತ್ಸೆ

ಆಡಿಕೊಂಡಿದ್ದ ಮಗು ಇದ್ದಕ್ಕಿದ್ದಂತೆ ಕುಂಟತೊಡಗಿದರೆ, ಎಲ್ಲಿಯೋ ಬಿದ್ದು ಕಾಲು ಉಳುಕಿರಬೇಕೆಂದು ಮನೆಯವರು ಭಾವಿಸುವುದು ಸಹಜ. ಆದರೆ ಕುಂಟುವಿಕೆಯೊಡನೆ ಜ್ವರವೂ ಇದ್ದರೆ, ಅದು ಮೂಳೆಯೊಳಗಿನ ತೀವ್ರ ಸೋಂಕಿನ ಸೂಚನೆಯಾಗಿರಬಹುದು. ಆಸ್ಟಿಯೋಮೈಲೈಟಿಸ್ ಎಂಬ ಈ ರೋಗವನ್ನು ಆರಂಭದಲ್ಲಿಯೇ ಗುರುತಿಸಿದರೆ ಬಹುತೇಕ ಮಕ್ಕಳು ಸಂಪೂರ್ಣ ಗುಣಹೊಂದುತ್ತಾರೆ. ತಡವಾದರೆ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು.

ಸೋಂಕು ತಗಲುವ ಬಗೆ

ಮಕ್ಕಳಲ್ಲಿ ರೋಗಾಣುಗಳು ಸಾಮಾನ್ಯವಾಗಿ ರಕ್ತದ ಮೂಲಕ ಮೂಳೆಯನ್ನು ಸೇರುತ್ತವೆ. ಚರ್ಮದ ಮೇಲಿನ ಕುರು ಅಥವಾ ಗಾಯವು ಅವುಗಳ ಪ್ರವೇಶದ್ವಾರವಾಗಬಹುದು. ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯವು ಈ ಸೋಂಕಿಗೆ ಮುಖ್ಯ ಕಾರಣ. ಸಿಕಲ್ ಸೆಲ್ ರಕ್ತದೋಷವುಳ್ಳ ಮಕ್ಕಳಲ್ಲಿ ಸಾಲ್ಮೊನೆಲ್ಲಾ ರೋಗಾಣುವೂ ಕಾರಣವಾಗುತ್ತದೆ. ತೊಡೆ ಮತ್ತು ಮೊಣಕಾಲಿನ ಕೆಳಗಿನ ಉದ್ದನೆಯ ಮೂಳೆಗಳ ತುದಿಯ ಸಮೀಪ ರಕ್ತದ ಹರಿವು ನಿಧಾನವಾಗಿರುವುದರಿಂದ ರೋಗಾಣುಗಳು ಅಲ್ಲಿ ಸುಲಭವಾಗಿ ನೆಲೆಯೂರುತ್ತವೆ. ಕ್ರಮೇಣ ಕೀವು ತುಂಬಿ, ಅದರ ಒತ್ತಡದಿಂದ ರಕ್ತಪೂರೈಕೆ ನಿಂತುಹೋದ ಮೂಳೆಯ ಭಾಗವು ಸಾಯುತ್ತದೆ. ಮೂಳೆ ಉದ್ದ ಬೆಳೆಯುವ ಪದರವು ಇಲ್ಲಿಗೆ ಹತ್ತಿರದಲ್ಲೇ ಇರುವುದರಿಂದ, ಅದಕ್ಕೆ ಹಾನಿಯಾದರೆ ಕಾಲು ಗಿಡ್ಡವಾಗಬಹುದು ಅಥವಾ ಸೊಟ್ಟಗಾಗಬಹುದು.

ಲಕ್ಷಣಗಳು

ಜ್ವರ, ಒಂದೇ ಜಾಗದಲ್ಲಿ ನಿರಂತರ ನೋವು, ಮುಟ್ಟಿದರೆ ಚೀರುವುದು, ಊತ, ಕಾಲೂರಲು ಅಥವಾ ಕೈ ಬಳಸಲು ನಿರಾಕರಿಸುವುದು ಮುಖ್ಯ ಲಕ್ಷಣಗಳು. ನವಜಾತ ಶಿಶುಗಳಲ್ಲಿ ಜ್ವರವಿಲ್ಲದಿರಬಹುದು. ಶಿಶುವು ಒಂದು ಕೈಯನ್ನೋ ಕಾಲನ್ನೋ ಅಲುಗಿಸದಿರುವುದು, ಬಟ್ಟೆ ಬದಲಿಸುವಾಗ ಅಳುವುದು, ಹಾಲು ಕುಡಿಯದಿರುವುದು ಇವೇ ಸುಳಿವುಗಳು.

ರೋಗನಿರ್ಣಯ

ವೈದ್ಯರು ರಕ್ತಪರೀಕ್ಷೆಯಿಂದ ಉರಿಯೂತದ ಪ್ರಮಾಣವನ್ನು ತಿಳಿಯುತ್ತಾರೆ. ರೋಗಾಣುವನ್ನು ಗುರುತಿಸಲು, ಸಾಧ್ಯವಾದಲ್ಲಿ ಔಷಧ ಕೊಡುವ ಮುನ್ನವೇ, ರಕ್ತದ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸುತ್ತಾರೆ. ಎಕ್ಸ್-ರೇಯಲ್ಲಿ ಮೂಳೆಯ ಬದಲಾವಣೆಗಳು ಗೋಚರಿಸಲು ಸಾಮಾನ್ಯವಾಗಿ 10ರಿಂದ 14 ದಿನಗಳು ಬೇಕು. ಆದ್ದರಿಂದ ಮೊದಲ ದಿನಗಳ ಎಕ್ಸ್-ರೇಯಲ್ಲಿ ದೋಷ ಕಾಣಲಿಲ್ಲವೆಂದು ಸೋಂಕಿಲ್ಲವೆಂದು ತೀರ್ಮಾನಿಸಲಾಗದು. ಎಂ.ಆರ್.ಐ. ಪರೀಕ್ಷೆಯು ಸೋಂಕನ್ನು ಬಹು ಬೇಗ ತೋರಿಸುತ್ತದೆ.

ಚಿಕಿತ್ಸೆ

ಮಗುವನ್ನು ಆಸ್ಪತ್ರೆಗೆ ಸೇರಿಸಿ ಸಾಮಾನ್ಯವಾಗಿ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಔಷಧವನ್ನು ಆರಂಭಿಸಲಾಗುತ್ತದೆ. ಜ್ವರ, ನೋವು ಇಳಿದು ರಕ್ತಪರೀಕ್ಷೆಯಲ್ಲಿ ಸುಧಾರಣೆ ಕಂಡ ಬಳಿಕ ಬಾಯಿಯ ಮೂಲಕ ಔಷಧ ಮುಂದುವರಿಯುತ್ತದೆ. ತೊಡಕುಗಳಿಲ್ಲದಿದ್ದರೆ ಒಟ್ಟು ಅವಧಿ ಸುಮಾರು 3ರಿಂದ 4 ವಾರ; ಕೆಲವರಿಗೆ ಇನ್ನೂ ಹೆಚ್ಚು. ಕೀವು ಸಂಗ್ರಹವಾಗಿದ್ದರೆ ಅಥವಾ ಔಷಧದಿಂದ ಗುಣ ಕಾಣದಿದ್ದರೆ ಶಸ್ತ್ರಚಿಕಿತ್ಸೆಯಿಂದ ಕೀವನ್ನು ಹೊರತೆಗೆಯಬೇಕಾಗುತ್ತದೆ.

ಪೋಷಕರು ಗಮನಿಸಬೇಕಾದುದು

ನೋವಿರುವ ಭಾಗಕ್ಕೆ ಎಣ್ಣೆ ತಿಕ್ಕುವುದು, ಉಳುಕು ತೆಗೆಸುವುದು, ಬಿಗಿಯಾಗಿ ಕಟ್ಟು ಹಾಕಿಸುವುದು ಸಲ್ಲದು. ಹಿಂದಿನ ದಿನ ಬಿದ್ದು ಪೆಟ್ಟಾಗಿದ್ದರೂ, ಜ್ವರವಿದ್ದು ಮಗು ಕಾಲೂರದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗು ಓಡಾಡತೊಡಗಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು. ಉಳಿದ ಸೋಂಕು ಮರುಕಳಿಸಿ, ವರ್ಷಗಟ್ಟಲೆ ಕೀವು ಸೋರುವ ದೀರ್ಘಕಾಲದ ರೋಗವಾಗಿ ಪರಿಣಮಿಸಬಹುದು. ಸಕಾಲದ ಚಿಕಿತ್ಸೆ ಮತ್ತು ಪೂರ್ಣಾವಧಿಯ ಔಷಧಸೇವನೆ, ಇವೆರಡೇ ಮಗುವಿನ ಕೈಕಾಲುಗಳಿಗೆ ರಕ್ಷೆ.