ಬಿಡದ ಸೊಂಟನೋವು: ಕಿಡ್ನಿಯನ್ನೂ ಒಮ್ಮೆ ನೋಡಿಸಿ

ಸೊಂಟ ನೋಯುತ್ತದೆ ಎಂದರೆ ನಮ್ಮಲ್ಲಿ ಮೊದಲು ನೋವಿನ ಮಾತ್ರೆ, ಆಮೇಲೆ ಬೆನ್ನಿನ ಎಕ್ಸ್-ರೇ. ಬಹಳಷ್ಟು ಜನರಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಬಗ್ಗಿದರೂ ಮಲಗಿದರೂ ವ್ಯತ್ಯಾಸವಾಗದೆ, ಸೊಂಟದಲ್ಲೋ ಪಕ್ಕೆಯಲ್ಲೋ ಕಿಬ್ಬೊಟ್ಟೆಯಲ್ಲೋ ವಾರಗಟ್ಟಲೆ ಒಂದೇ ಸಮನೆ ನೋಯುತ್ತಿದ್ದರೆ, ಜತೆಗೆ ಊಟ ಸೇರದೆ ತೂಕ ಇಳಿಯುತ್ತಿದ್ದರೆ, ಕಾರಣ ಬೆನ್ನುಮೂಳೆಯಲ್ಲಿ ಇಲ್ಲದಿರಬಹುದು. ಇಂಥವರಲ್ಲಿ ಕೆಲವರಿಗೆ ಇರುವುದು ರೆಟ್ರೋಪೆರಿಟೋನಿಯಲ್ ಫೈಬ್ರೋಸಿಸ್. ಕಾಯಿಲೆ ಅಪರೂಪದ್ದು ನಿಜ. ಆದರೆ ಬೇಗ ಗೊತ್ತಾದರೆ ಕಿಡ್ನಿ ಉಳಿಯುತ್ತದೆ, ತಡವಾದರೆ ಡಯಾಲಿಸಿಸ್‌ವರೆಗೂ ಹೋಗುತ್ತದೆ. ಹಾಗಾಗಿ ಇದನ್ನು ತಿಳಿದಿರಬೇಕು.

ಕರುಳುಗಳಿರುವ ಉದರಪೊರೆಯ ಹಿಂದೆ, ಬೆನ್ನುಮೂಳೆಯ ಮುಂದೆ ಮಹಾಧಮನಿ ಇಳಿದು ಬಂದು ಸೊಂಟದ ಮಟ್ಟದಲ್ಲಿ ಎರಡು ಕವಲಾಗುತ್ತದೆ. ಆ ಜಾಗದ ಸುತ್ತ ಉರಿಯೂತ ಶುರುವಾಗಿ, ನಾರುನಾರಾದ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಅದು ಅಕ್ಕಪಕ್ಕಕ್ಕೆ ಹಬ್ಬಿ, ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ಮೂತ್ರನಾಳಗಳನ್ನು ನಡುವಿಗೆ ಎಳೆದುಕೊಂಡು ಅಮುಕುತ್ತದೆ. ತೋಟದ ಪೈಪನ್ನು ಕಾಲಲ್ಲಿ ಮೆಟ್ಟಿದಂತೆ ಮೂತ್ರ ಹಿಂದಕ್ಕೆ ನಿಂತು ಕಿಡ್ನಿ ಊದಿಕೊಳ್ಳುತ್ತದೆ. ಫ್ರಾನ್ಸ್‌ನ ಅಲ್ಬರಾನ್ 1905ರಲ್ಲೇ ಇದನ್ನು ಗಮನಿಸಿದ್ದರು. 1948ರಲ್ಲಿ ಅಮೆರಿಕದ ಜಾನ್ ಆರ್ಮಂಡ್ ವಿವರಿಸಿದ ಮೇಲೆ ಅವರ ಹೆಸರಿನಿಂದಲೂ ಕರೆಯುವುದುಂಟು.

ಹೆಚ್ಚಾಗಿ 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಗಂಡಸರಲ್ಲಿ ಕಾಣುತ್ತದೆ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿಗೆ ನಿಖರ ಕಾರಣ ಸಿಗುವುದಿಲ್ಲ. ಅವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದು ಹೀಗಾಗುತ್ತದೆ ಎಂದು ಭಾವಿಸಲಾಗಿದೆ. ಧೂಮಪಾನ ಮತ್ತು ಆಸ್ಬೆಸ್ಟಾಸ್ ದೂಳು ಅಪಾಯವನ್ನು ಹೆಚ್ಚಿಸುತ್ತವೆ. ಮೈಗ್ರೇನ್‌ಗೆ ಬಳಸುವ ಎರ್ಗಟ್ ಜಾತಿಯ ಔಷಧಗಳು, ಹಿಂದೆ ಪಡೆದ ರೇಡಿಯೇಷನ್, ಕ್ಷಯ ಮತ್ತು ಕೆಲವು ಕ್ಯಾನ್ಸರ್‌ಗಳಿಂದಲೂ ಬರಬಹುದು. ವೈದ್ಯರ ಬಳಿ ಹೋಗುವಾಗ ಈವರೆಗೆ ನುಂಗಿದ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ.

ಮೊದಲು ಮಾಡಿಸಬೇಕಾದದ್ದು

ಹೊಟ್ಟೆಯ ಅಲ್ಟ್ರಾಸೌಂಡ್, ರಕ್ತದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಉರಿಯೂತ ತಿಳಿಸುವ ಇಎಸ್‌ಆರ್, ಸಿಆರ್‌ಪಿ, ಜತೆಗೆ ಮೂತ್ರಪರೀಕ್ಷೆ. ತಾಲ್ಲೂಕು ಕೇಂದ್ರದಲ್ಲೂ ಇವುಗಳಲ್ಲಿ ಹೆಚ್ಚಿನವು ಆಗುತ್ತವೆ. ‘ಮೂತ್ರ ಸರಿಯಾಗಿ ಹೋಗುತ್ತಿದೆ, ಕಿಡ್ನಿಗೇನೂ ಆಗಿಲ್ಲ’ ಎಂದು ಧೈರ್ಯ ತಂದುಕೊಳ್ಳಬೇಡಿ. ಒಂದು ಕಡೆ ಕಟ್ಟಿಕೊಂಡಿದ್ದರೂ ಇನ್ನೊಂದು ಕಿಡ್ನಿ ಕೆಲಸ ಸಾಗಿಸುತ್ತದೆ. ಕ್ರಿಯಾಟಿನಿನ್ ಕೂಡ ಸಹಜವಾಗಿಯೇ ಇರಬಹುದು. ಕಾಲು ಊತ, ವೃಷಣದ ಚೀಲದ ಊತ, ಹೊಸದಾಗಿ ಏರಿದ ಬಿ.ಪಿ. ಇದ್ದರೆ ಅದನ್ನೂ ಹೇಳಿ.

ಇನ್ನೊಂದು ಮಾತು. ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ದಯವಿಟ್ಟು ನಿಲ್ಲಿಸಿ, ವೈದ್ಯರಿಗೆ ತಿಳಿಸಿ. ಕಟ್ಟಿಕೊಂಡ ಕಿಡ್ನಿಗೆ ಇವು ಎರಡನೇ ಪೆಟ್ಟು.

ಕಟ್ಟಿದ್ದನ್ನು ಬಿಡಿಸುವುದು

ಕಿಡ್ನಿ ಊದಿದೆ ಎಂದು ಸ್ಕ್ಯಾನಿಂಗ್ ಹೇಳಿದರೆ ಯೂರಾಲಜಿ ವಿಭಾಗಕ್ಕೆ ಹೋಗಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆ ಇಂಥ ರೋಗಿಗಳಿಗೆ ಒಂದು ಆಸರೆ. ಮೂತ್ರ ಪೂರ್ತಿ ನಿಂತಿದ್ದರೆ, ಚಳಿಜ್ವರವಿದ್ದರೆ, ಪೊಟ್ಯಾಸಿಯಂ ಏರಿದ್ದರೆ ಅದು ತುರ್ತು ಪರಿಸ್ಥಿತಿ, ಮರುದಿನಕ್ಕೆ ಕಾಯುವಂತಿಲ್ಲ.

ಮೂತ್ರಕೋಶದ ಮೂಲಕ ದುರ್ಬೀನು ಕಳಿಸಿ ಮೂತ್ರನಾಳದೊಳಗೆ ಡಿಜೆ ಸ್ಟೆಂಟ್ ಎಂಬ ತೆಳು ಕೊಳವೆ ಇಡುತ್ತಾರೆ. ಅದಾಗದಿದ್ದರೆ ಬೆನ್ನ ಕಡೆಯಿಂದ ನೇರವಾಗಿ ಕಿಡ್ನಿಗೆ ಕೊಳವೆ ಹಾಕುತ್ತಾರೆ. ತಡೆ ತೆರವಾದ ಮೊದಲ ಒಂದೆರಡು ದಿನ ಮೂತ್ರ ವಿಪರೀತ ಹೋಗಬಹುದು, ಆಗ ದ್ರವ ಮತ್ತು ಲವಣಗಳ ಮೇಲೆ ಆಸ್ಪತ್ರೆಯಲ್ಲೇ ನಿಗಾ ಬೇಕು.

ಕಾರಣ ಹುಡುಕುವುದು

ನಂತರ ಸಿ.ಟಿ. ಅಥವಾ ಎಂಆರ್‌ಐ. ಅಲ್ಟ್ರಾಸೌಂಡ್ ಊತವನ್ನು ತೋರಿಸಿದರೂ ಹಿಂದಿನ ನಾರುಗಡ್ಡೆಯನ್ನು ತಪ್ಪಿಸಿಬಿಡಬಹುದು. ಕ್ರಿಯಾಟಿನಿನ್ ಹೆಚ್ಚಿದ್ದರೆ ಕಾಂಟ್ರಾಸ್ಟ್ ಬಣ್ಣ ಹಾಕುವ ಮುನ್ನ ವೈದ್ಯರು ಯೋಚಿಸುತ್ತಾರೆ; ನಿಮ್ಮ ಹಳೆಯ ವರದಿಗಳನ್ನು ಅವರ ಮುಂದಿಡಿ. ಅಂಗಾಂಶ ಮಹಾಧಮನಿಯನ್ನು ಮುಂದಕ್ಕೆ ದೂಡಿದ್ದರೆ, ಅಸಹಜ ಜಾಗದಲ್ಲಿದ್ದರೆ, ಔಷಧಕ್ಕೆ ಬಗ್ಗದಿದ್ದರೆ ಬಯಾಪ್ಸಿ ಬೇಕು, ಏಕೆಂದರೆ ಲಿಂಫೋಮಾದಂಥ ಕ್ಯಾನ್ಸರ್ ಇದೇ ರೂಪದಲ್ಲಿ ಕಾಣಿಸಿಕೊಳ್ಳಬಲ್ಲದು. ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕುಗ್ಗಿ ರೋಗಪತ್ತೆಯೇ ಹಾದಿ ತಪ್ಪುತ್ತದೆ. ಆದ್ದರಿಂದ ಸಂಶಯವಿದ್ದಾಗ ಬಯಾಪ್ಸಿ ಮೊದಲು, ಮಾತ್ರೆ ನಂತರ ಎಂಬುದೇ ಸರಿಯಾದ ಕ್ರಮ. ಐಜಿಜಿ-4 ಎಂಬ ರಕ್ತಪರೀಕ್ಷೆಯನ್ನೂ ಬರೆಯುತ್ತಾರೆ.

ಔಷಧ

ಕಾರಣ ಸಿಗದ ಬಗೆಗೆ ಮುಖ್ಯ ಮದ್ದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಸಾಮಾನ್ಯವಾಗಿ ದಿನಕ್ಕೆ 40ರಿಂದ 60 ಮಿಲಿಗ್ರಾಂನಿಂದ ಶುರುಮಾಡಿ, ಸುಮಾರು ನಾಲ್ಕು ವಾರದ ಬಳಿಕ ತಿಂಗಳುಗಳ ಕಾಲ ಮೆಲ್ಲಗೆ ಇಳಿಸುತ್ತಾರೆ. ಹಲವರಿಗೆ ನೋವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಪಾಯವಿರುವುದು ಇಲ್ಲಿಯೇ: ನೋವು ಹೋಯಿತೆಂದು ಮಾತ್ರೆ ಬಿಟ್ಟರೆ ರೋಗ ಮರುಕಳಿಸುವುದಲ್ಲದೆ, ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಕುತ್ತಾಗಬಹುದು.

ಸ್ಟೀರಾಯ್ಡ್ ಆರಂಭಿಸುವ ಮುನ್ನ ಕ್ಷಯ ಮತ್ತು ಹೆಪಟೈಟಿಸ್-ಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಮೈಯೊಳಗೆ ಮಲಗಿರುವ ಕ್ಷಯ ಎಷ್ಟು ಸಾಮಾನ್ಯವೆಂದರೆ ಈ ಹೆಜ್ಜೆಯನ್ನು ದಾಟಿ ಹೋಗಲೇಬಾರದು. ಸಕ್ಕರೆ, ಬಿ.ಪಿ. ನಿಯಮಿತವಾಗಿ ನೋಡಿಸಿ, ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್-ಡಿ ಕೇಳಿ. ಸ್ಟೀರಾಯ್ಡ್ ಹೊಂದದವರಿಗೆ ಟಾಮಾಕ್ಸಿಫೆನ್ ಇದೆ. ಆದರೆ 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಇಟಲಿಯ ಅಧ್ಯಯನದಲ್ಲಿ ಮರುಕಳಿಕೆ ತಡೆಯಲು ಅದಕ್ಕಿಂತ ಸ್ಟೀರಾಯ್ಡ್ ಆದ ಪ್ರೆಡ್ನಿಸೋನ್ ಮೇಲೆನಿಸಿತು. ಮೆಥೊಟ್ರೆಕ್ಸೇಟ್, ಮೈಕೊಫೆನೊಲೇಟ್, ರಿಟುಕ್ಸಿಮ್ಯಾಬ್ ಮುಂತಾದವನ್ನು ರೂಮಟಾಲಜಿ ತಜ್ಞರು ಆಯ್ದು ಕೊಡುತ್ತಾರೆ. ಯಾವುದಕ್ಕೂ ಬಗ್ಗದಿದ್ದಾಗ ಮೂತ್ರನಾಳವನ್ನು ನಾರಿನಿಂದ ಬಿಡಿಸಿ, ಹೊಟ್ಟೆಯೊಳಗಿನ ಕೊಬ್ಬಿನ ಪದರ ಸುತ್ತುವ ಶಸ್ತ್ರಚಿಕಿತ್ಸೆ ಇದೆ.

ಮನೆಗೆ ಬಂದ ಮೇಲೆ

ಸ್ಟೆಂಟ್ ಹಾಕಿದ ದಿನಾಂಕ, ಬದಲಿಸಬೇಕಾದ ದಿನಾಂಕ ಎರಡನ್ನೂ ಡಿಸ್ಚಾರ್ಜ್ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ಬದಲಿಸಬೇಕು. ಮರೆತುಬಿಟ್ಟ ಸ್ಟೆಂಟಿನ ಮೇಲೆ ಕಲ್ಲು ಕಟ್ಟಿ, ತೆಗೆಯಲು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಪದೇ ಪದೇ ಮೂತ್ರದ ಅವಸರ, ಅಲ್ಪಸ್ವಲ್ಪ ರಕ್ತ ಸ್ಟೆಂಟ್ ಇರುವಾಗ ಸಹಜ, ಚಳಿಜ್ವರ ಸಹಜವಲ್ಲ.

ಮೊದಲ ಕೆಲವು ತಿಂಗಳು ಕ್ರಿಯಾಟಿನಿನ್, ಸಿಆರ್‌ಪಿ ಪರೀಕ್ಷೆ ಪದೇ ಪದೇ ಆಗಬೇಕು. ಮೂರರಿಂದ ಆರು ತಿಂಗಳಲ್ಲಿ ಮತ್ತೊಂದು ಸಿ.ಟಿ. ಅಥವಾ ಎಂಆರ್‌ಐ ಮಾಡಿ, ಗಡ್ಡೆ ಕುಗ್ಗಿದ್ದರೆ ಸ್ಟೆಂಟ್ ತೆಗೆಯುವ ನಿರ್ಧಾರಕ್ಕೆ ಬರುತ್ತಾರೆ. ಔಷಧ ಮುಗಿದು ವರ್ಷಗಳ ಬಳಿಕವೂ ರೋಗ ಮರಳಬಹುದು; ರಕ್ತಪರೀಕ್ಷೆ ಸರಿಯಿದ್ದೂ ಒಳಗೆ ನಾರು ಬೆಳೆಯುವುದುಂಟು. ಹಾಗಾಗಿ ತಜ್ಞರು ಹೇಳಿದ ಅವಧಿಗೆ ಸ್ಕ್ಯಾನಿಂಗ್ ಮಾಡಿಸುತ್ತಲೇ ಇರಬೇಕು, ಹಳೆಯ ನೋವು ಮರಳಿದರೆ ಆ ದಿನಾಂಕಕ್ಕೂ ಕಾಯಬಾರದು.