ಕೆಲಸ ಮಾಡ್ತಿದ್ದ ಮಾತ್ರೆ ಸುಮ್ಮನಾದಾಗ

ಖಿನ್ನತೆಗೆ ಮಾತ್ರೆ ತಗೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಹೇಳಿಕೊಳ್ಳುವವರು ಕಡಿಮೆ, ಅಷ್ಟೇ. ಮಾತ್ರೆ ಶುರು ಮಾಡುವುದರ ಬಗ್ಗೆ ಈಗೀಗ ಒಂದಿಷ್ಟು ಮಾತು ಕೇಳಿಬರುತ್ತೆ. ಆದರೆ ಒಂದೆರಡು ವರ್ಷ ಚೆನ್ನಾಗಿ ನಡೆದ ಮಾತ್ರೆ, ಆರನೇ ಸೆಮಿಸ್ಟರಿನ ಮಧ್ಯದಲ್ಲಿ ಕೈಕೊಟ್ಟರೆ ಏನು ಮಾಡಬೇಕು ಅನ್ನೋದನ್ನು ಯಾರೂ ಹೇಳಿಕೊಡಲ್ಲ. ಆ ಹೊತ್ತಿಗೆ ಮನಸ್ಸು ಕುಗ್ಗಿರುತ್ತೆ. "ಇದೂ ಕೆಲಸ ಮಾಡ್ಲಿಲ್ಲ ಅಂದ್ರೆ ನನಗೆ ಇನ್ನೇನೂ ದಾರಿ ಇಲ್ಲ" ಅನ್ನಿಸಿಬಿಡುತ್ತೆ. ಈ ತೀರ್ಮಾನ ಯಾಕೆ ತಪ್ಪು, ಮುಂದೇನು ಮಾಡಬೇಕು ಅನ್ನೋದೇ ನಮ್ಮ ಇವತ್ತಿನ ಪಾಠ.

ಇದು ಅಪರೂಪದ ಸಂಗತಿಯೇ?

ಅಲ್ಲ. 2021ರಲ್ಲಿ ಬ್ರಿಟನ್ನಿನ 'ಆಂಟ್ಲರ್' ಅಧ್ಯಯನ ಪ್ರಕಟವಾಯಿತು. ಬಹುಕಾಲ ಮಾತ್ರೆ ತಗೊಂಡು ಚೆನ್ನಾಗಿದ್ದ 478 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮಾತ್ರೆ ಮುಂದುವರಿಸಿತು. ಇನ್ನೊಂದು ಗುಂಪಿಗೆ ನಿಧಾನವಾಗಿ ಮಾತ್ರೆ ನಿಲ್ಲಿಸಿ, ಔಷಧವಿಲ್ಲದ ಹುಸಿಮಾತ್ರೆ ಕೊಟ್ಟರು. 52 ವಾರಗಳಲ್ಲಿ, ನಿಲ್ಲಿಸಿದವರಲ್ಲಿ ಶೇ. 56 ಮಂದಿಗೆ ಖಿನ್ನತೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಶೇ. 39.

ಈ ಎರಡು ಅಂಕಿಗಳನ್ನೂ ಒಟ್ಟಿಗೇ ಓದಬೇಕು. ಮಾತ್ರೆ ಮುಂದುವರಿಸಿದರೆ ಲಾಭ ಇದೆ. ಆದರೆ ಮುಂದುವರಿಸಿದ ಗುಂಪಿನಲ್ಲೂ ಹತ್ತರಲ್ಲಿ ಸುಮಾರು ನಾಲ್ಕು ಜನ ಒಂದೇ ವರ್ಷದಲ್ಲಿ ಮತ್ತೆ ಕುಸಿದರು. ಅಂದರೆ ನಿಮಗೆ ಹೀಗಾದರೆ ಅದು ನಿಮ್ಮ ಮನೋಬಲದ ಕೊರತೆಯೂ ಅಲ್ಲ, ನಿಮ್ಮೊಬ್ಬರ ದುರದೃಷ್ಟವೂ ಅಲ್ಲ. ಇದಕ್ಕೆ ವೈದ್ಯರ ಭಾಷೆಯಲ್ಲಿ 'ಟ್ಯಾಕಿಫೈಲ್ಯಾಕ್ಸಿಸ್' ಅಂತ ಒಂದು ಹೆಸರೂ ಇದೆ. ಆದರೆ ಆ ಹಣೆಪಟ್ಟಿ ಅಂಟಿಸುವ ಮೊದಲು ಬೇರೆ ಕಾರಣಗಳನ್ನು ಒಂದೊಂದಾಗಿ ನೋಡಬೇಕು. ನಿನ್ನೆವರೆಗೂ ಓಡುತ್ತಿದ್ದ ಕೋಡ್ ಇವತ್ತು ಓಡದಿದ್ದರೆ ನಾವು ಇಡೀ ಪ್ರಾಜೆಕ್ಟ್ ಡಿಲೀಟ್ ಮಾಡಲ್ಲ. ಏನು ಬದಲಾಗಿದೆ ಅಂತ ಹುಡುಕುತ್ತೀವಿ. ಇಲ್ಲೂ ಹಾಗೇ.

1. ಮಾತ್ರೆ ನಿಜವಾಗಿ ಒಳಗೆ ಹೋಗ್ತಿದೆಯಾ?

ಸಣ್ಣ ಲೆಕ್ಕ ಮಾಡೋಣ. ಸರ್ಟ್ರಲೀನ್ ಅನ್ನುವ ಔಷಧದ ಅರ್ಧಾಯುಷ್ಯ ಸುಮಾರು 26 ಗಂಟೆ. ಶುಕ್ರವಾರ ರಾತ್ರಿ ಮಾತ್ರೆ ತಗೊಂಡು ಊರಿಗೆ ಹೋದಿರಿ, ಸ್ಟ್ರಿಪ್ ಬಿಟಿಎಂನ ಪಿಜಿಯಲ್ಲೇ ಉಳೀತು. ಸೋಮವಾರ ರಾತ್ರಿ ವಾಪಸ್. ನಡುವೆ 72 ಗಂಟೆ, ಅಂದರೆ 2.8 ಅರ್ಧಾಯುಷ್ಯ. ಶುಕ್ರವಾರ 100 ಇದ್ದದ್ದು ಈಗ ಸುಮಾರು 15. ದಿನಾ ತಗೊಳ್ಳುವವರಲ್ಲಿ ಮುಂದಿನ ಮಾತ್ರೆಯ ಹೊತ್ತಿಗೂ 50ಕ್ಕಿಂತ ಕೆಳಗೆ ಇಳಿಯಲ್ಲ. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಸುಮಾರು ಒಂದು ವಾರ ಬೇಕು. ತಿಂಗಳಿಗೆ ಎರಡು ವೀಕೆಂಡ್ ಹೀಗಾದರೆ ಮಾತ್ರೆ ಸೋತಿದೆ ಅನ್ನೋಕಾಗಲ್ಲ.

ಇಲ್ಲೇ ಇನ್ನೊಂದು ಗೊಂದಲ. ಮಾತ್ರೆ ತಪ್ಪಿದ ಒಂದೆರಡು ದಿನದಲ್ಲೇ ತಲೆಸುತ್ತು, ಕಿರಿಕಿರಿ, ವಿಚಿತ್ರ ಕನಸು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇವು ಔಷಧ ಹಠಾತ್ತನೆ ಇಳಿದದ್ದರ ಲಕ್ಷಣಗಳು. ಖಿನ್ನತೆ ಮರಳುವುದು ಸಾಮಾನ್ಯವಾಗಿ ನಿಧಾನಕ್ಕೆ, ವಾರಗಳಲ್ಲಿ.

ಮೆಡಿಕಲ್ ಶಾಪಿನವರು ಬೇರೆ ಕಂಪನಿಯ ಮಾತ್ರೆ ಕೊಟ್ಟಿದ್ದರೆ ಔಷಧದ ಹೆಸರು ಮತ್ತು ಮಿಲಿಗ್ರಾಂ ಎರಡನ್ನೂ ಓದಿ. 50ರ ಜಾಗದಲ್ಲಿ 25 ಬಂದಿರಬಹುದು.

2. ಹೊಸದಾಗಿ ಏನು ಸೇರಿದೆ?

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೀನ್ ಇವು ಯಕೃತ್ತಿನ ಕಿಣ್ವಗಳನ್ನು ಚುರುಕು ಮಾಡಿ, ಕೆಲವು ಖಿನ್ನತೆ ಔಷಧಗಳು ಬೇಗ ಖಾಲಿಯಾಗುವಂತೆ ಮಾಡುತ್ತವೆ. ಮದ್ಯ ತಾನೇ ಮನಸ್ಸನ್ನು ಕುಗ್ಗಿಸುತ್ತೆ, ನಿದ್ದೆಯನ್ನೂ ಕೆಡಿಸುತ್ತೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಸೇರಿದರೆ ಬೇರೆಯದೇ ಅಪಾಯ: ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಶುರುವಾಗಬಹುದು. ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲಿನ ಡಾಕ್ಟರಾದರೂ ಸರಿ, ತಗೊಳ್ತಿರೋ ಮಾತ್ರೆಯ ಹೆಸರು ಹೇಳಿ.

3. ದೇಹ ಏನು ಹೇಳ್ತಿದೆ?

ಥೈರಾಯ್ಡ್ ಕಡಿಮೆಯಾದರೆ, ಬಿ12 ಕಡಿಮೆಯಾದರೆ, ರಕ್ತಹೀನತೆ ಇದ್ದರೆ ಆಗುವ ಸುಸ್ತು ಥೇಟ್ ಖಿನ್ನತೆಯ ಹಾಗೇ ಕಾಣುತ್ತೆ. ಶುದ್ಧ ಸಸ್ಯಾಹಾರಿಗಳು ಬಿ12 ಮರೆಯಬಾರದು. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುವ ವಿಷಯಕ್ಕೆ ಆರು ತಿಂಗಳು ಒದ್ದಾಡುವುದು ಬೇಡ.

4. ಹೊರಗಿನ ಭಾರ ಹೆಚ್ಚಿದೆಯಾ?

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಸುಲಭ. ಕಂಟ್ರೋಲರ್ ಸರಿಯಾಗೇ ಇರುತ್ತೆ, ಡಿಸ್ಟರ್ಬೆನ್ಸ್ ದೊಡ್ಡದಾಗಿರುತ್ತೆ. ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್, ಮನೆಯ ಸಾಲ, ಮುರಿದ ಪ್ರೀತಿ, ಬೆಳಗಿನ ಜಾವ ಮೂರಕ್ಕೆ ಮಲಗುವ ಅಭ್ಯಾಸ ಇವಕ್ಕೆಲ್ಲ ಮಿಲಿಗ್ರಾಂ ಏರಿಸುವುದೊಂದೇ ಉತ್ತರವಲ್ಲ. ಇಲ್ಲಿ ಮಾತಿನ ಚಿಕಿತ್ಸೆಗೆ ಕೆಲಸ ಇದೆ.

5. ಇದು ಅದೇ ಕಾಯಿಲೆಯಾ?

ಕೆಲವರಿಗೆ ದುಃಖ ಇರಲ್ಲ, ಖುಷಿಯೂ ಇರಲ್ಲ, ಎಲ್ಲ ಸಪ್ಪೆ. ಇದು ಮಾತ್ರೆಯದೇ ಅಡ್ಡಪರಿಣಾಮ ಇರಬಹುದು. ಡೋಸ್ ಹೆಚ್ಚಿಸಿದರೆ ಇನ್ನೂ ಸಪ್ಪೆ ಆಗಬಹುದು. ಇನ್ನು ಕೆಲವರಿಗೆ ನಡುನಡುವೆ ನಿದ್ದೆಯೇ ಬೇಡದಷ್ಟು ಹುರುಪು, ಓಡುವ ಯೋಚನೆ, ಕೈಮೀರಿದ ಖರ್ಚು ಇರುತ್ತೆ. ಹಾಗಿದ್ದರೆ ಅದು ಬೈಪೋಲಾರ್ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಡಾಕ್ಟರಿಗೆ ಕುಸಿದ ದಿನಗಳ ಜೊತೆ ಹಾರಿದ ದಿನಗಳನ್ನೂ ಹೇಳಿ.

ಡಾಕ್ಟರ ಮುಂದೆ

"ಯಾಕೋ ಸರಿ ಇಲ್ಲ ಸಾರ್" ಅನ್ನುವುದಕ್ಕಿಂತ ಎರಡು ವಾರದ ಡೇಟಾ ಕೊಟ್ಟರೆ ಉತ್ತಮ. ಮಲಗಿದ ಸಮಯ, ತಪ್ಪಿದ ಮಾತ್ರೆ, ದಿನದ ಮನಸ್ಥಿತಿಗೆ ಹತ್ತಕ್ಕೆ ಇಷ್ಟು ಅಂತ ಒಂದು ಅಂಕ. ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಒಟ್ಟು 27 ಅಂಕ. ಚೆನ್ನಾಗಿದ್ದಾಗ 4 ಇದ್ದದ್ದು ಈಗ 13 ಆಗಿದ್ದರೆ ವಾದವೇ ಬೇಕಿಲ್ಲ. ಆದರೆ ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ 'ಹೌದು' ಅಂತ ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೇಳಿ.

ಅವರ ಕೈಯಲ್ಲಿ ದಾರಿಗಳು ಹಲವು: ಡೋಸ್ ಬದಲಿಸುವುದು, ಬೇರೆ ಬಗೆಯ ಔಷಧಕ್ಕೆ ಹೋಗುವುದು, ಇದ್ದದ್ದರ ಜೊತೆ ಇನ್ನೊಂದು ಸೇರಿಸುವುದು, ಮಾತಿನ ಚಿಕಿತ್ಸೆ, ತೀವ್ರ ಖಿನ್ನತೆಗೆ ಇಸಿಟಿ. ಯಾವ ಔಷಧವಾದರೂ ಫಲ ಕಾಣಲು ವಾರಗಳು ಬೇಕು. ನಾವಾಗಿ ನಾವೇ ನಿಲ್ಲಿಸುವುದು, ಎರಡೆರಡು ನುಂಗುವುದು, ರೂಮ್‌ಮೇಟ್ ಮಾತ್ರೆ ಎರವಲು ತಗೊಳ್ಳುವುದು ಮಾತ್ರ ಬೇಡವೇ ಬೇಡ. 24 ವರ್ಷದವರೆಗಿನವರಲ್ಲಿ ಮಾತ್ರೆ ಶುರುವಾದಾಗ, ಡೋಸ್ ಬದಲಾದಾಗ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2007ರಿಂದ ಎಚ್ಚರಿಸುತ್ತಿದ್ದಾರೆ. ನಾವು ಬಹುತೇಕ ಅದೇ ವಯಸ್ಸಿನವರು. ಹಾಗಾಗಿ ಆ ವಾರಗಳಲ್ಲಿ ನಂಬುವ ಒಬ್ಬರಿಗಾದರೂ ವಿಷಯ ಗೊತ್ತಿರಲಿ.

ಎಲ್ಲಿಗೆ ಹೋಗೋದು?

ಮೊದಲು ನಿಮಗೆ ಮಾತ್ರೆ ಬರೆದ ಡಾಕ್ಟರ ಹತ್ತಿರವೇ. ಅದು ಆಗದಿದ್ದರೆ, ದಕ್ಷಿಣ ಬೆಂಗಳೂರಿನಲ್ಲಿರುವ ನಮಗೆ ನಿಮ್ಹಾನ್ಸ್ ಪಕ್ಕದಲ್ಲೇ ಇದೆ. ಜಯನಗರದಿಂದ ಹೊಸೂರು ರಸ್ತೆಗೆ ಎಷ್ಟು ದೂರ ಹೇಳಿ? ಅಲ್ಲಿನ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತೆ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ 'ಸೆಂಟರ್ ಫಾರ್ ವೆಲ್ ಬೀಯಿಂಗ್' ಇದೆ. ಫೋನಿನಲ್ಲಿ ಮಾತಾಡಬೇಕೆಂದರೆ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಕಾಲೇಜಿಗೆ ಗೊತ್ತಾದರೆ ಅನ್ನುವ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರುವುದು ನಿಮ್ಮ ಹಕ್ಕು. ಜೀವಕ್ಕೆ ಅಪಾಯದಂಥ ಕೆಲವೇ ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಒಂದು ಮಾತ್ರೆ ಸುಮ್ಮನಾದರೆ ಮುಗಿದದ್ದು ಆ ಮಾತ್ರೆಯ ಸರದಿ ಮಾತ್ರ, ಕೆಲವೊಮ್ಮೆ ಅದೂ ಅಲ್ಲ. ಅಪಾಯಿಂಟ್‌ಮೆಂಟ್ ತಗೊಳ್ಳಿ. ಒಬ್ಬರೇ ಹೋಗೋಕೆ ಕಷ್ಟ ಅನ್ನಿಸಿದರೆ ಗೆಳೆಯರನ್ನು ಕರೀರಿ. ಕರೆದವರು ನಮ್ಮನ್ನಾದರೆ, ಲ್ಯಾಬ್ ರೆಕಾರ್ಡ್ ಪಕ್ಕಕ್ಕಿಟ್ಟು ಜೊತೆಗೆ ಹೊರಡೋಣ.